ಬೋರ್ಡಿನ ಮುಂದೆ ಸೊಸೆ

ಮಗು ಮತ್ತೆ ರಾಗ ತೆಗೆಯಿತು. ಅತ್ತೆ ಅದನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಗಣಿತ ವಿಭಾಗದ ಉದ್ದನೆಯ ಕಾರಿಡಾರಿನಲ್ಲಿ ಏಳನೆಯ ಸುತ್ತು ಹಾಕಿದರು. ಮುಚ್ಚಿದ ಬಾಗಿಲಿನಾಚೆ ಸೊಸೆಯ ಉಪನ್ಯಾಸ ಆಗಲೇ ಶುರುವಾಗಿತ್ತು. ಆರು ವರ್ಷದ ಸಂಶೋಧನೆಯನ್ನು ಇವತ್ತು ಎಲ್ಲರೆದುರು ಮಂಡಿಸಬೇಕು. ಒಪ್ಪಿದರೆ ಡಾಕ್ಟರೇಟು, ಇಲ್ಲವಾದರೆ ಇನ್ನೆಷ್ಟು ದಿನವೋ.

ಬಾಗಿಲು ತೆರೆದು ಬೆಳ್ಳಿಗೂದಲಿನ ಪ್ರೊಫೆಸರಮ್ಮ ಹೊರಬಂದರು. ಸೊಸೆಗೆ ಇಷ್ಟು ವರ್ಷ ಮಾರ್ಗದರ್ಶನ ಮಾಡಿದವರು ಅವರೇ.

"ಇಲ್ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ."

"ಅಯ್ಯೋ ಬೇಡಮ್ಮಾ, ಇವಳು ಅತ್ತರೆ ಎಲ್ಲರಿಗೂ ತೊಂದರೆ."

"ಅಳಲಿ ಬಿಡಿ. ನನ್ನ ಕಾಲದಲ್ಲಿ ಮಗು ಎತ್ಕೊಂಡು ಹೊರಗೆ ನಿಲ್ಲೋರೂ ಇರ್ಲಿಲ್ಲ. ಅದಕ್ಕೇ ನಂದು ಒಂದು ವರ್ಷ ಮುಂದಕ್ಕೆ ಹೋಯ್ತು."

ಕೈಹಿಡಿದು ಕರೆದೊಯ್ದು ಮೊದಲನೇ ಸಾಲಿನಲ್ಲೇ ಕೂರಿಸಿದರು. ಬೋರ್ಡಿನ ತುಂಬ ಬರೆದಿದ್ದರಲ್ಲಿ ಅತ್ತೆಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಆದರೆ ಕನ್ನಡಕದವರೊಬ್ಬರು ಹಿಂದಿನಿಂದ ಎದ್ದು, "ನಿಮ್ಮ ಮೂರನೇ ಹೆಜ್ಜೆ ಎಲ್ಲ ಕಡೆಗೂ ಸಲ್ಲೋದಿಲ್ಲ ಅನ್ಸುತ್ತೆ" ಎಂದಾಗ ಏನೋ ಎಡವಟ್ಟಾಯಿತೆಂದು ತಿಳಿಯಿತು. ಸೊಸೆ ಸೀಮೆಸುಣ್ಣ ಹಿಡಿದು ಬೋರ್ಡನ್ನೇ ದಿಟ್ಟಿಸುತ್ತ ನಿಂತಳು.

ಆ ನಿಲುವು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಒಲೆಯ ಮುಂದೆ ಹೀಗೇ ನಿಂತು ಎಷ್ಟು ಸಲ ಹಾಲು ಉಕ್ಕಿಸಿಲ್ಲ! "ಮೈಮೇಲೆ ಎಚ್ಚರ ಇಲ್ವೇನೇ?" ಎಂದು ತಾವು ಎಷ್ಟು ಸಲ ರೇಗಿಲ್ಲ! ಇಲ್ಲಿ ನೋಡಿದರೆ ಇಷ್ಟು ಜನ ತುಟಿಪಿಟಕ್ಕೆನ್ನದೆ ಅವಳಿಗಾಗಿ ಕಾಯುತ್ತಿದ್ದಾರೆ. ಮಗು ಅಳಲು ಬಾಯಿ ತೆರೆಯಿತು. ಅತ್ತೆ ಗಾಬರಿಯಲ್ಲಿ ತಮ್ಮ ಕಿರುಬೆರಳನ್ನೇ ಅದರ ಬಾಯಿಗಿಟ್ಟರು.

"ನೀವು ಹೇಳಿದ್ದು ಸರಿ," ಎಂದಳು ಸೊಸೆ ಕೊನೆಗೆ. "ಹೀಗೇ ಬಿಟ್ರೆ ಸಲ್ಲೋದಿಲ್ಲ. ಆದ್ರೆ ಇದನ್ನ ಎರಡು ಭಾಗ ಮಾಡಿದ್ರೆ?"

ಅರ್ಧ ಬೋರ್ಡು ಒರೆಸಿ ಬರೆಯತೊಡಗಿದಳು. ಒಂಬತ್ತು ಸಾಲು. ಕನ್ನಡಕದವರು ನಿಂತಲ್ಲೇ ಓದಿ ತಲೆದೂಗಿದರು. "ಮೊದಲಿದ್ದದ್ದಕ್ಕಿಂತ ಇದೇ ಚೆನ್ನಾಗಿದೆ!" ಮೊದಲ ಚಪ್ಪಾಳೆ ಪ್ರೊಫೆಸರಮ್ಮನದು.

ಅತ್ತೆಯ ಬಳಿಗೆ ಬಂದ ಸೊಸೆಯ ಮೂಗಿನ ಮೇಲೂ ಸುಣ್ಣದ ಪುಡಿಯಿತ್ತು.

"ಮನೇಲಿ ಹಾಗೆ ನಿಂತಾಗೆಲ್ಲ ಇದನ್ನೇ ಯೋಚಿಸ್ತಿದ್ದೆಯೇನೇ?"

"ಹೂಂ ಅತ್ತೆ."

"ಹೇಳ್ಬಾರ್ದಿತ್ತಾ? ಹಾಲು ನಾನು ನೋಡ್ಕೊಳ್ತಿದ್ದೆ."

ಸೊಸೆ ನಕ್ಕುಬಿಟ್ಟಳು. ಯಾರೋ ಅವಳ ಕೈಕುಲುಕಿ ಟೀಗೆ ಎಳೆದುಕೊಂಡು ಹೋದರು. ಕೋಣೆ ಖಾಲಿಯಾಯಿತು. ಜವಾನ ಡಸ್ಟರ್ ಹಿಡಿದು ಒಳಬಂದ.

"ಸ್ವಲ್ಪ ಹೊತ್ತು ಇರ್ಲಿ ಬಿಡಪ್ಪಾ," ಎಂದರು ಅತ್ತೆ.

ನಿದ್ದೆಹೋಗಿದ್ದ ಮೊಮ್ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಬೋರ್ಡಿನ ಹತ್ತಿರ ಹೋದರು. ಮೇಲಿನ ಸಾಲಿನಿಂದ ಶುರುಮಾಡಿ, ಒಂದೊಂದನ್ನೇ ನಿಧಾನವಾಗಿ ನೋಡುತ್ತ ಬಂದರು.