ಉರ್ಶುಲೆಯ ತಟ್ಟೆ

ಮಿಲ್ದಾ ಮೊಣಕಾಲುಗಳ ನಡುವೆ ಮಣ್ಣಿನ ಬೋಗುಣಿಯನ್ನು ಒತ್ತಿಹಿಡಿದು ಗಸಗಸೆ ಅರೆಯುತ್ತಿದ್ದಳು. ಹಾಲು ಬಿಡುತ್ತಿತ್ತು, ಆದರೆ ಬೂದಿಯ ಬಣ್ಣಕ್ಕೆ. ತೀರಿಕೊಂಡ ಅಮ್ಮ ದೊಮಿತ್ಸೆಲೆಯನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಹೊರಕೋಣೆಯಲ್ಲಿ ಜನ ಊಟಕ್ಕೆ ಕೂತಿದ್ದರು. ಈ ಮನೆಯಲ್ಲಿ ಸಾವಿನ ಊಟಕ್ಕೂ ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೂ ಮೊದಲ ತುತ್ತು ಒಂದೇ: ಬೇಯಿಸಿದ ಗೋಧಿ, ಗಸಗಸೆ ಹಾಲು, ಜೇನು.

ಪಕ್ಕದ ಮನೆಯ ಅಗೋಟಜ್ಜಿ ಬೆರಳದ್ದಿ ನೆಕ್ಕಿ ಮುಖ ಕಿವುಚಿದಳು.

“ಕಹಿ ಕಣೇ! ನಿಮ್ಮಮ್ಮ ಹೆಂಗೆ ಮಾಡ್ತಿದ್ಲು ಅಂತ ನೋಡ್ಕೊಂಡಿಲ್ವಾ?”

“ಒಲೆ ಹತ್ರ ಬಿಟ್ರೆ ತಾನೆ ಅಜ್ಜಿ? ‘ನಾನು ಸತ್ಮೇಲೆ ಕಲಿ’ ಅನ್ನೋಳು.”

“ಸತ್ಲಲ್ಲ, ಈಗ ಕಲಿ. ಯಾರ ಹತ್ರ ಕಲೀತೀಯ? ಈ ಕೈರುಚಿ ಇದ್ದಿದ್ದು ಅವಳಿಗೆ, ಬಿಟ್ರೆ ಅವಳ ತಂಗಿಗೆ.” ಅಜ್ಜಿ ದನಿ ತಗ್ಗಿಸಿದಳು. “ನಾಡಿದ್ದು ಇಪ್ಪತ್ನಾಲ್ಕು. ಆ ತಟ್ಟೆ ಇಡ್ತೀಯಾ?”

ಮಿಲ್ದಾಳ ಕೈ ನಿಂತಿತು.

*

ಆಗ ಮಿಲ್ದಾಳಿಗೆ ಎಂಟು ವರ್ಷ. ಹಬ್ಬದೂಟದ ಹನ್ನೆರಡು ಬಗೆಯ ಅಡುಗೆಯಲ್ಲಿ ಐದೂ ಮುಗಿದಿರಲಿಲ್ಲ, ಅಮ್ಮನ ಯಾವುದೋ ಮಾತಿಗೆ ಉರ್ಶುಲೆ ಚಿಕ್ಕಮ್ಮ ತಟಕ್ಕನೆ ಎದ್ದಳು. ಕ್ರಿಸ್‌ಮಸ್ ಹಿಂದಿನ ಸಂಜೆ ಎಲ್ಲರ ಊಟ ಮುಗಿಯುವ ಮುಂಚೆ ಎದ್ದವರು ಮುಂದಿನ ಕ್ರಿಸ್‌ಮಸ್ ಕಾಣುವುದಿಲ್ಲ. ಇದು ಮಕ್ಕಳಿಗೂ ಗೊತ್ತಿದ್ದ ಮಾತು.

“ಕೂತ್ಕೋ!” ಅಮ್ಮ ಕಿರುಚಿದಳು. ಬಾಗಿಲು ಬಡಿದುಕೊಂಡಿತು.

ಮರುವರ್ಷ, ತೀರಿಕೊಂಡ ಅಜ್ಜನಿಗೆ ಇಡುವ ಖಾಲಿ ತಟ್ಟೆಯ ಪಕ್ಕ ಇನ್ನೊಂದು ಬಂತು.

“ಯಾರಿಗಮ್ಮ?”

“ಎದ್ದು ಹೋದೋಳಿಗೆ.”

ಈಸ್ಟರಿಗೆ ಚಿಕ್ಕಮ್ಮನ ಕೈಬರಹದ ಕಾರ್ಡು ಬಂತು. ಅಮ್ಮ ಅದನ್ನು ಒಲೆಗೆ ಹಾಕಿದಳು. ತಟ್ಟೆಯನ್ನು ಮಾತ್ರ ಇಪ್ಪತ್ತಮೂರು ವರ್ಷ ಬಿಡದೆ ಇಟ್ಟಳು.

*

“ಬದುಕಿರೋರಿಗೆ ಸತ್ತೋರ ತಟ್ಟೆ ಇಡಬಾರ್ದು ಕಣೇ. ಅದು ಖಾಲಿ ಇರಲ್ಲ. ಕರೆಸ್ಕೊಂಡೋರು ಬರ್ದೇ ಇದ್ರೆ ಇಟ್ಟೋರನ್ನೇ ಕೂರಿಸ್ಕೊಳ್ಳುತ್ತೆ,” ಎಂದಳು ಅಗೋಟಜ್ಜಿ. “ಇನ್ನು ಇಡೋ ಕೈ ನಿಂದು.”

ಜನ ಆ ಕಹಿಯನ್ನು ತಲೆ ಎತ್ತದೆ ನುಂಗಿದರು. ಇನ್ನಷ್ಟು ಚಮಚ ಬೇಕೆಂದು ಮಿಲ್ದಾ ಮೇಜಿನ ಖಾನೆ ಎಳೆದಳು. ತಳದಲ್ಲಿ, ಹಬ್ಬದ ಮೇಜುಬಟ್ಟೆಯ ಮಡಿಕೆಯೊಳಗೆ, ಅಂಟಿಸಿಟ್ಟ ಲಕೋಟೆ. ಉರ್ಶುಲೆಯ ಹೆಸರು, ಕ್ಲೈಪೆಡಾ ನಗರದ ವಿಳಾಸ, ಅಮ್ಮನ ಅಕ್ಷರ. ಸ್ಟಾಂಪನ್ನೂ ಹಚ್ಚಿದ್ದಳು.

ಊಟಕ್ಕೆ ಬಂದಿದ್ದ ಅಂಚೆಯ ಜಿತಾ ಅದನ್ನು ತಿರುಗಿಸಿ ನೋಡಿದಳು. “ಈ ಸ್ಟಾಂಪಿನ ದೇಶಾನೇ ಇಲ್ವಲ್ಲೇ ಈಗ!” ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ. “ಒಡೆದು ನೋಡಲ್ವಾ?”

“ನನ್ನ ಹೆಸರಿಲ್ಲ ಅದ್ರ ಮೇಲೆ.”

“ಆಯಮ್ಮ ಇನ್ನೂ ಇದಾಳಾ?”

ಅಗೋಟಜ್ಜಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು.

ಮಿಲ್ದಾ ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಳು: ‘ಚಿಕ್ಕಮ್ಮ, ಅಮ್ಮ ಹೋದಳು. ಗಸಗಸೆ ನನ್ನ ಕೈಗೆ ಕಹಿಯಾಗುತ್ತಿದೆ. ಬಂದು ನಿನ್ನ ತಟ್ಟೆಯಲ್ಲಿ ನೀನೇ ಉಣ್ಣು.’

“ಮೂರು ಗಂಟೆ ಬಸ್ಸಿಗೆ ಹಾಕಿದ್ರೆ ನಾಳೆ ಮುಟ್ಟುತ್ತೆ,” ಎಂದಳು ಜಿತಾ. ಹೊಸ ಸ್ಟಾಂಪನ್ನು ನಾಲಿಗೆಗೆ ತಾಕಿಸಿ, ಹಳೆಯದರ ಮೇಲೆಯೇ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಚೀಲ ಹೆಗಲಿಗೇರಿಸಿ ಹಿಮಕ್ಕೆ ಇಳಿದಳು. ಸ್ಮಶಾನದ ತಿರುವಿನವರೆಗೆ ಅವಳ ಹೆಜ್ಜೆಗಳು ಕಂಡವು. ಅಲ್ಲಿಂದಾಚೆ ಬರೀ ಮಂಜು.