ಜಬಲ್ ಹಫೀತಿನಲ್ಲಿ ಬಿಚ್ಚಿದ ಪೆಟ್ಟಿಗೆ

ಬೆವರು ಒರೆಸಿಕೊಳ್ಳಲಿಕ್ಕೇ ಒಂದು ಕೈ ಮೀಸಲಿಡಬೇಕಾದ ದುಬೈಯಲ್ಲಿ ಇದಿನಬ್ಬ ಕಂಬಳಿ ಮಾರಿ ಬದುಕುತ್ತಿದ್ದ. ಅಲ್ಲಿಯ ನೈಫ್ ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅವನು ಸೂಪರ್‌ವೈಸರ್. ಹುಲಿಯ ಚಿತ್ರದ್ದು, ಗುಲಾಬಿ ಹೂವಿನದ್ದು, ಒಂದು ಪದರದ್ದು, ಎರಡು ಪದರದ್ದು, ಎಲ್ಲ ಅಲ್ಲಿ ಉಂಟು. ಕೊಳ್ಳುವವರು ಯಾರೂ ಹೊದೆಯುವವರಲ್ಲ, ಊರಿಗೆ ಕಳಿಸುವವರು. ಹದಿನೆಂಟು ವರ್ಷ ಅಲ್ಲಿ ದುಡಿದು ಇದಿನಬ್ಬ ಕರಗತ ಮಾಡಿಕೊಂಡ ವಿದ್ಯೆ ಒಂದೇ, ಪೆಟ್ಟಿಗೆ ಕಟ್ಟುವುದು. ರಟ್ಟಿನ ಪೆಟ್ಟಿಗೆಗೆ ಅವನು ಟೇಪು ಸುತ್ತಿ, ಹಗ್ಗ ಬಿಗಿದು, ದಪ್ಪ ಮಾರ್ಕರಿನಲ್ಲಿ ಹೆಸರು ಬರೆದನೆಂದರೆ ಹಡಗು ಮುಳುಗಿದರೂ ಪೆಟ್ಟಿಗೆ ತೇಲಬೇಕು.

ಕಟ್ಟಿದ್ದೆಲ್ಲ ಊರಿಗೆ, ದೇರಳಕಟ್ಟೆಯಲ್ಲಿ ಹೆಂಡತಿ ಮಕ್ಕಳಿದ್ದ ಮನೆಗೆ ಹೋಗುತ್ತಿತ್ತು, ಅದರಲ್ಲಿ ಅಕ್ಕನ ಪಾಲೂ ಇರುತ್ತಿತ್ತು. ತಾಯಿ ಬೇಗ ತೀರಿಕೊಂಡಾಗ ಅವನನ್ನು ಎತ್ತಿ ಆಡಿಸಿದವಳು ಅಕ್ಕ ಜುಬೈದ. ಅವಳು ಕೇಳಿದ್ದಕ್ಕೆ ಇಲ್ಲ ಎನ್ನುವ ನಾಲಿಗೆಯನ್ನು ದೇವರು ಇದಿನಬ್ಬನಿಗೆ ಕೊಟ್ಟಿರಲಿಲ್ಲ. ಒಳ್ಳೆಯ ಬಾದಾಮಿ ಪೆಟ್ಟಿಗೆಗೆ, ಪುಡಿಯಾದದ್ದು ಇವನಿಗೆ. ಒಳ್ಳೆಯ ಸೋಪು ಪೆಟ್ಟಿಗೆಗೆ, ಬಟ್ಟೆಯ ಸೋಪು ಇವನ ಮೈಗೆ.

ಸಂಬಳ ಸಾಕಷ್ಟು ಏರಿ, ವೀಸಾ ಸಿಕ್ಕಿ, ಹೆಂಡತಿ ಹಲೀಮ, ಮಗಳು ಫರ್ಝಾನ, ಮಗ ಅನ್ಸಿಫ್ ಬಂದದ್ದು ಕಳೆದ ಚಳಿಗಾಲದಲ್ಲಿ. ಇನ್ನು ಸ್ವರ್ಗಕ್ಕೆ ಮೂರೇ ಗೇಣು ಅಂದುಕೊಂಡ ಇದಿನಬ್ಬ. ಜೂನ್ ಹೋಗಿ ಜುಲೈ ಬಂತು. ಹೊರಗೆ ಕಾಲಿಟ್ಟರೆ ಚಪ್ಪಲಿ ಮೆತ್ತಗಾಗುವ ಬಿಸಿಲು. ಫ್ಲ್ಯಾಟಿನಿಂದ ಮಾಲಿಗೆ, ಮಾಲಿನಿಂದ ಫ್ಲ್ಯಾಟಿಗೆ. ಒಂದು ದಿನ ಹಲೀಮ ತರಕಾರಿ ಹೆಚ್ಚುತ್ತಾ, ಸ್ವರ ಏರಿಸದೆ ಹೇಳಿದಳು.

"ಊರಿಗೆ ಹೋದರೆ ನಾನು ಮತ್ತೆ ಬರುವುದಿಲ್ಲ ಅಂತ ಕಾಣ್ತದೆ. ಮಕ್ಕಳನ್ನು ಅಲ್ಲಿಯೇ ಶಾಲೆಗೆ ಹಾಕ್ತೇನೆ. ಅಲ್ಲಿ ನೀವಿಲ್ಲದೆ ಇದ್ದೆ, ಅದು ಅಭ್ಯಾಸ ಆಗಿತ್ತು. ಇಲ್ಲಿ ನೀವು ಇದ್ದೂ ಇಲ್ಲ. ಬಂದ ಮೇಲೆ ಒಂದು ದಿನ ಎಲ್ಲಿಗಾದರೂ ಕರೆದುಕೊಂಡು ಹೋದದ್ದುಂಟಾ? ಗಾಜಿನ ಒಳಗೆ ಅಲ್ಲ. ಹೊರಗೆ."

ಅವಳು ಜಗಳವಾಡಿದ್ದರೆ ಇದಿನಬ್ಬನಿಗೆ ಧೈರ್ಯವಿರುತ್ತಿತ್ತು. ಜಗಳಕ್ಕೆ ಮದ್ದುಂಟು. ಈ ತಣ್ಣಗಿನ ಮಾತಿಗೆ ಮಾತ್ರ ಮದ್ದು ಅವನಿಗೆ ಗೊತ್ತಿರಲಿಲ್ಲ. ಮಕ್ಕಳ ಶಾಲೆಗೆ ರಜೆ ಸಿಕ್ಕಿ ಊರಿನ ಟಿಕೆಟ್ ಮುಂದಿನ ವಾರಕ್ಕೆ ಆಗಿತ್ತು. ನಡುವೆ ಇದ್ದದ್ದು ಒಂದೇ ಭಾನುವಾರ.

ಅವನು ಮೇಲಿನ ಮಹಡಿಯ ವಿಕ್ಟರನ ಬಾಗಿಲು ತಟ್ಟಿದ. ವಿಕ್ಟರ್ ಊರಿನ ಕಡೆಯ ಶಿರ್ವದವನು, ಆಸ್ಪತ್ರೆಯಲ್ಲಿ ಕೆಲಸ. ಹೆಂಡತಿ ಜೆಸ್ಸಿ ಮಕ್ಕಳೊಂದಿಗೆ ರಜೆಗೆ ಊರಿಗೆ ಹೋಗಿ ಆಗಲೇ ಹದಿನೈದು ದಿನ ಆಗಿತ್ತು. ಅಂದಿನಿಂದ ಅವನು ಮೊಟ್ಟೆ ಮತ್ತು ಬ್ರೆಡ್ಡಿನ ಮೇಲೆ ಪ್ರಾಣ ಹಿಡಿದುಕೊಂಡಿದ್ದ. ಅವನ ಬಳಿ ಕಾರುಂಟು. ಇದಿನಬ್ಬನ ಡ್ರೈವಿಂಗ್ ಟೆಸ್ಟಿನ ಕತೆ ಇಲ್ಲಿ ಬೇಡ, ಅದು ಬೇರೆಯೇ ದುಃಖ.

"ಜಬಲ್ ಹಫೀತಿಗೆ ಹೋಗುವ ಮಾರಾಯ್ರೆ," ಎಂದ ವಿಕ್ಟರ್. "ಅಲ್ ಐನ್‌ನ ದೊಡ್ಡ ಗುಡ್ಡೆ. ಮೇಲೆ ಗಾಳಿ ತಂಪು. ಕೆಳಗೆ ಬಿಸಿನೀರಿನ ಒರತೆಯೂ ಉಂಟು."

"ಜುಲೈಯಲ್ಲಿ ಬಿಸಿನೀರಾ?"

"ನೋಡ್ಲಿಕ್ಕೆ, ಇದಿನಬ್ಬಾಕ. ಸ್ನಾನಕ್ಕಲ್ಲ. ಮತ್ತೆ, ಊಟ ನಿಮ್ಮದು ತಾನೆ?"

ಊಟ ಹಲೀಮಳದು. ಭಾನುವಾರ ಬೆಳಿಗ್ಗೆ ಎದ್ದು ಅವಳು ದಮ್ ಬಿರಿಯಾನಿ ಮಾಡಿದಳು. ಅದರ ಪರಿಮಳಕ್ಕೆ ಮೇಲಿನ ಮಹಡಿಯಲ್ಲಿ ವಿಕ್ಟರ್ ಮಧ್ಯಾಹ್ನದ ಊಟವನ್ನೇ ಬಿಟ್ಟ. ಇದಿನಬ್ಬ ಪಾತ್ರೆಯ ಬಾಯಿ ಕಟ್ಟಿ, ಬಿಸಿ ಆರದಂತೆ ಹಳೆಯ ಕಂಬಳಿ ಸುತ್ತಿ, ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟ. ಟೇಪು ಸುತ್ತಿದ. ಹಗ್ಗ ಬಿಗಿದ. ಕೈ ಸುಮ್ಮನಿರಬೇಕಲ್ಲ, ಮಾರ್ಕರ್ ತೆಗೆದು "ಇದಿನಬ್ಬ, ದೇರಳಕಟ್ಟೆ" ಎಂದು ಬರೆದು ಫೋನ್ ನಂಬರೂ ಹಾಕಿದ.

"ಗುಡ್ಡೆಗೆ ಹೋಗುವ ಬಿರಿಯಾನಿಗೆ ದೇರಳಕಟ್ಟೆಯ ಅಡ್ರೆಸ್ ಯಾಕೆ?" ಎಂದು ಹಲೀಮ ಕೇಳಿದಳು.

"ಎಲ್ಲಿಯಾದರೂ ತಪ್ಪಿಹೋದರೆ?" ಎಂದ ಇದಿನಬ್ಬ. ತಾನು ಹೇಳಿದ್ದರಲ್ಲಿ ಏನೋ ಎಡವಟ್ಟಿದೆ ಎಂದು ಅವನಿಗೆ ಹೊಳೆಯಲಿಲ್ಲ. ಪೆಟ್ಟಿಗೆಯ ಮೂಲೆಗೆ ಮೂಗು ತಾಗಿಸಿ ನೋಡಿದ. ಒಂದಿಷ್ಟೂ ಪರಿಮಳ ಹೊರಗೆ ಬರುತ್ತಿರಲಿಲ್ಲ. ತನ್ನ ಕೈಕೆಲಸಕ್ಕೆ ತಾನೇ ತಲೆದೂಗಿದ.

ಆ ಪೆಟ್ಟಿಗೆಯನ್ನು ಅವನು ಬಾಗಿಲ ಬಳಿ ಇನ್ನೊಂದು ಪೆಟ್ಟಿಗೆಯ ಪಕ್ಕಕ್ಕಿಟ್ಟ. ಅದು ಜುಬೈದಕ್ಕನಿಗೆ ಕಾರ್ಗೊದಲ್ಲಿ ಹೋಗಬೇಕಾದದ್ದು. ಅವಳ ಮಗಳು ರುಬೀನಳ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆಂದು, ವಾರಗಟ್ಟಲೆ ಆರಿಸಿ ತುಂಬಿಸಿದ ಸಾಮಾನು. ಅದೇ ಅಂಗಡಿಯ ರಟ್ಟು, ಅದೇ ಹಗ್ಗ, ಅದೇ ಹೆಸರು.

ಕಾರ್ಗೊದವರು ಬಂದಾಗ ಹಲೀಮ ನಮಾಝಿನಲ್ಲಿದ್ದಳು, ಇದಿನಬ್ಬ ಸ್ನಾನದಲ್ಲಿದ್ದ. ಬಾಗಿಲು ತೆರೆದ ಫರ್ಝಾನ "ವಿಚ್ ಒನ್, ಉಪ್ಪ?" ಎಂದು ಅಪ್ಪನಿಗೆ ಕೂಗಿದಳು. ಒಳಗಿನಿಂದ ಉತ್ತರ ಬಂತು. "ಹೆಸರು ಬರೆದದ್ದು ಕೊಡು ಮಗಾ."

ಕೊಟ್ಟಳು. ಮಗುವಿನದ್ದೇನು ತಪ್ಪು?

ಮೂರು ಗಂಟೆಯ ಹೊತ್ತಿಗೆ ವಿಕ್ಟರ್ ಉಳಿದ ಪೆಟ್ಟಿಗೆಯನ್ನು ಎತ್ತಿ ಡಿಕ್ಕಿಯಲ್ಲಿಟ್ಟ. ಅದರ ಭಾರಕ್ಕೆ ಅವನ ಮುಖ ಅರಳಿತು. "ಹಲೀಮಕ್ಕ, ಇದು ನಾಳೆಗೂ ಸಾಕು ಕಾಣ್ತದೆ," ಎಂದ. ಹಲೀಮ ನಕ್ಕಳು. ಆ ನಗು ಕಂಡು ಇದಿನಬ್ಬನಿಗೆ ಅರ್ಧ ಗೆದ್ದಷ್ಟು ಸಂತೋಷವಾಯಿತು.

ಮೊದಲು ಬಿಸಿನೀರಿನ ಒರತೆ. ಗುಡ್ಡೆಯ ಬುಡದಲ್ಲಿ ಹಸಿರು ಹುಲ್ಲು, ನಡುವೆ ಹರಿಯುವ ನೀರು, ನೋಡಲು ಚಂದವೇ. ಜನ ಮಾತ್ರ ಇವರಷ್ಟೇ, ಜುಲೈ ತಿಂಗಳ ಬಿಸಿಲಿನಲ್ಲಿ ಬುದ್ಧಿಯಿರುವವರು ಯಾರು ಬರುತ್ತಾರೆ? ಹಲೀಮ ನೀರಿಗೆ ಬೆರಳದ್ದಿ ತೆಗೆದಳು.

"ನಮ್ಮ ಬಾತ್‌ರೂಮಿನ ನಳ್ಳಿಯಲ್ಲಿ ಇದಕ್ಕಿಂತ ಬಿಸಿ ಬರ್ತದೆ," ಎಂದಳು. "ಅದನ್ನು ನೋಡ್ಲಿಕ್ಕೆ ಇಷ್ಟು ದೂರ ಬರಬೇಕಿತ್ತಾ?"

ಅನ್ಸಿಫ್ "ಕ್ಯಾನ್ ವಿ ಗೋ ಟು ದ ಮಾಲ್?" ಎಂದ. ಇದಿನಬ್ಬನಿಗೆ ಗೆದ್ದ ಅರ್ಧವೂ ಕೈಬಿಟ್ಟು ಹೋದಂತಾಯಿತು. "ಯಲ್ಲಾ, ಮೇಲೆ ಹೋಗುವ. ಮೇಲೆ ತಂಪು," ಎಂದು ಎಲ್ಲರನ್ನೂ ಕಾರಿಗೆ ತುಂಬಿಸಿದ.

ಬಳುಕುವ ರಸ್ತೆಯಲ್ಲಿ ಕಾರು ಹತ್ತಿ ತುದಿ ಮುಟ್ಟುವಾಗ ಸೂರ್ಯ ಇಳಿಯುತ್ತಿದ್ದ. ಬಾಗಿಲು ತೆರೆದರೆ ನಿಜವಾಗಿಯೂ ಗಾಳಿ. ತಂಪು ಎನ್ನುವಂತಿರಲಿಲ್ಲ, ಆದರೂ ಮುಖಕ್ಕೆ ಹೊಡೆದರೆ ಬೈಯುವಂತಹ ಗಾಳಿಯಲ್ಲ. ಹಲೀಮ ಕಟ್ಟೆಯ ಬಳಿ ನಿಂತು ಕೆಳಗೆ ಹರಡಿದ ಊರನ್ನೂ ಮರಳನ್ನೂ ನೋಡಿದಳು. ಹೋಗುವ ಎಂದು ಹೇಳಲಿಲ್ಲ. ಇದಿನಬ್ಬ ಚಾಪೆ ಹಾಸಿದ. ವಿಕ್ಟರ್ ಪೆಟ್ಟಿಗೆಯನ್ನು ದೇವರ ಪ್ರತಿಮೆ ಇಳಿಸುವ ಹಾಗೆ ಇಳಿಸಿದ, ತಟ್ಟೆ ಹರವಿದ, ಶರ್ಟಿನ ತೋಳು ಮಡಚಿದ.

ಪೆಟ್ಟಿಗೆ ಚಾಪೆಯ ಮೇಲೆ ಜಾರಿದಾಗ ಒಳಗಿನಿಂದ ಗಲಗಲ ಸದ್ದು ಬಂತು. ಬಿರಿಯಾನಿ ಗಲಗಲ ಎನ್ನುವುದಿಲ್ಲ. ಇದಿನಬ್ಬ ಕಿವಿ ಇಟ್ಟು ಆಲಿಸಿದ. ಅದು ಡಬ್ಬದೊಳಗಿನ ಪಿಸ್ತಾದ ಸದ್ದು. ಹಾಗೆ ಗುರುತಿಸಲಿಕ್ಕೆ ಹದಿನೆಂಟು ವರ್ಷದ ಅನುಭವ ಬೇಕು.

"ಅಕ್ಕನ ಪೆಟ್ಟಿಗೆ," ಎಂದ. "ಬಿರಿಯಾನಿ ಕಾರ್ಗೊಗೆ ಹೋಗಿದೆ."

ವಿಕ್ಟರ್ ತಟ್ಟೆ ಹಿಡಿದುಕೊಂಡೇ ಕುಳಿತ. ಯಾರಾದರೂ ತೀರಿಕೊಂಡ ಸುದ್ದಿ ಕೇಳಿದರೆ ಮನುಷ್ಯ ಹೀಗೆ ಕೂರುತ್ತಾನೆ. ಇದಿನಬ್ಬ ಕಾರ್ಗೊದ ಮುಹಿಯುದ್ದೀನನಿಗೆ ಫೋನು ಮಾಡಿದ, ಎತ್ತಲಿಲ್ಲ. ಹತ್ತಿರದ ಚಹಾದ ಗೂಡಂಗಡಿಗೆ ಓಡಿದ. "ಮಾಫಿ," ಇಲ್ಲ, ಎಂದ ಅಲ್ಲಿಯವನು. ಚಹಾ ಉಂಟು, ತಿನ್ನಲಿಕ್ಕೆ ಏನೂ ಇಲ್ಲ, ಎಲ್ಲ ಖಲಾಸ್.

"ಐ ಆಮ್ ಸೋ ಹಂಗ್ರಿ," ಎಂದ ಅನ್ಸಿಫ್. ಪೆಟ್ಟಿಗೆಯನ್ನು ತೋರಿಸಿ, "ಇದರಲ್ಲಿ ತಿನ್ನುವುದು ಏನೂ ಇಲ್ವಾ?" ಎಂದು ಕನ್ನಡದಲ್ಲೇ ಕೇಳಿದ. ಹಸಿವಾದರೆ ಮಕ್ಕಳಿಗೆ ಭಾಷೆ ತಾನಾಗಿ ಬರುತ್ತದೆ.

"ಅದು ಮುಟ್ಟಬಾರದು. ಅದು ಮಾಮಿಯದ್ದು," ಎಂದುಬಿಟ್ಟ ಇದಿನಬ್ಬ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರನ್ನು ಕಂಡಿದ್ದೇವೆ. ಬೆಣ್ಣೆ ಅಕ್ಕನದು ಎಂದು ಹಸಿದು ಕೂರುವವನು ಇವನೊಬ್ಬನೇ. ಹಲೀಮ ಹರವಿದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. "ವಿಕ್ಟರಣ್ಣ, ಹೊರಡುವನಾ? ಮಕ್ಕಳಿಗೆ ದಾರಿಯಲ್ಲಿ ಏನಾದರೂ ಕೊಡಿಸುವ," ಎಂದಳು. ತರಕಾರಿ ಹೆಚ್ಚುವಾಗ ಆಡಿದ್ದ ಅದೇ ತಣ್ಣಗಿನ ಸ್ವರ.

ಇದಿನಬ್ಬನಿಗೆ ಆಗ ಅರ್ಥವಾಯಿತು. ಇವಳು ಹೊರಡುವುದು ಗುಡ್ಡೆಯಿಂದ ಮಾತ್ರ ಅಲ್ಲ. ಭಯವಾಯಿತು, ಚೆನ್ನಾಗಿಯೇ ಭಯವಾಯಿತು.

"ತಟ್ಟೆ ಇಡು," ಎಂದ. "ಪೆಟ್ಟಿಗೆ ಬಿಚ್ಚುವ."

ಹೇಳಿದ್ದು ದೊಡ್ಡ ಮಾತು, ಆದರೆ ಬಿಚ್ಚುವುದು ಹೇಗೆ? ಇದಿನಬ್ಬ ಹಗ್ಗ ಎಳೆದ, ಅದು ಇನ್ನೂ ಬಿಗಿಯಿತು. ಗಂಟಿಗೆ ಉಗುರು ಹಾಕಿದ, ಉಗುರು ಮುರಿಯಿತು. ವಿಕ್ಟರ್ ಕಾರಿನ ಕೀಯಿಂದ ಟೇಪು ಹರಿಯಲು ನೋಡಿದ. ಅದು ಹರಿಯುವ ಟೇಪಲ್ಲ. "ಎಂತ ಕಟ್ಟಿದ್ದು ಮಾರಾಯ್ರೆ ಇದು," ಎಂದು ಅವನು ಅಳುವ ಹಾಗೆ ಹೇಳಿದ, "ಒಳಗೆ ಕಳ್ಳನನ್ನು ಕೂಡಿಹಾಕಿದ್ದೀರಾ?"

ಹಲೀಮ ಸ್ವಲ್ಪ ಹೊತ್ತು ಇಬ್ಬರು ಗಂಡಸರ ಒದ್ದಾಟ ನೋಡಿದಳು. ಆಮೇಲೆ ಶಾಲಿನ ಪಿನ್ನು ತೆಗೆದು ಬಂದು ಕುಳಿತಳು.

"ಸರಿಯಿರಿ. ತುದಿ ಮೇಲೆ ಇರುವುದಿಲ್ಲ. ಅಡಿಯಲ್ಲಿ, ಮೂಲೆಯ ಗಂಟಿನ ಒಳಗೆ ತುರುಕಿರ್ತೀರಿ." ಪೆಟ್ಟಿಗೆ ವಾರೆ ಮಾಡಿ ಪಿನ್ನು ಚುಚ್ಚಿ ಎಳೆದಳು. ಹಗ್ಗ ಸರಸರನೆ ಸಡಿಲವಾಗಿ ಬಿತ್ತು. ಟೇಪನ್ನು ಎಲ್ಲಿ ಹಿಡಿದರೆ ಒಂದೇ ಎಳೆತಕ್ಕೆ ಬರುತ್ತದೆಂಬುದೂ ಅವಳಿಗೆ ಗೊತ್ತಿತ್ತು.

"ನಿನಗೆ ಹೇಗೆ ಗೊತ್ತು?" ಇದಿನಬ್ಬ ಬಾಯಿಬಿಟ್ಟು ಕೇಳಿದ.

"ಇಷ್ಟು ವರ್ಷ ಬಿಚ್ಚಿದ್ದು ಯಾರು? ನೀವು ಕಟ್ಟಿದ್ದು ಮಾತ್ರ."

ಹೌದಲ್ಲ ಎನಿಸಿತು ಅವನಿಗೆ. ಪೆಟ್ಟಿಗೆ ಹಡಗಿನಲ್ಲಿ ಹೋಗುತ್ತಿತ್ತು. ಇವನು ರಜೆಗೆ ಹೋದ ವರ್ಷವೂ ಅದು ಮುಟ್ಟುವ ಹೊತ್ತಿಗೆ ಇವನು ತಿರುಗಿ ಬಂದಾಗಿರುತ್ತಿತ್ತು. ತಾನು ಕಟ್ಟಿದ ಒಂದೇ ಒಂದು ಪೆಟ್ಟಿಗೆ ಬಿಚ್ಚುವುದನ್ನೂ ಇದಿನಬ್ಬ ಕಂಡಿರಲಿಲ್ಲ.

"ಮೊದಲು ತೆಗೆಯುವುದಲ್ಲ," ಎಂದಳು ಹಲೀಮ, ಅನ್ಸಿಫನ ಕೈ ತಡೆದು. "ಮೊದಲು ಮೂಸುವುದು. ಗೊತ್ತುಂಟಲ್ಲ?" ಮಕ್ಕಳಿಬ್ಬರೂ ಪೆಟ್ಟಿಗೆಯೊಳಗೆ ತಲೆ ಹಾಕಿದರು. ಅದು ಊರಿನ ಮನೆಯ ಪದ್ಧತಿಯಂತೆ. ಸೋಪು, ಅತ್ತರು, ಹೊಸ ಕಂಬಳಿ, ತಲೆನೋವಿಗೆ ಹಚ್ಚುವ ಕೊಡಲಿ ಗುರುತಿನ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ.

ಫರ್ಝಾನ ತಲೆ ಎತ್ತಿದಳು. "ಉಪ್ಪ, ಸಣ್ಣದಿರುವಾಗ ಇದು ನಿಮ್ಮ ವಾಸನೆ ಅಂತ ನಾನು ತಿಳಿದಿದ್ದೆ. ಇಲ್ಲಿ ಏರ್‌ಪೋರ್ಟಿನಲ್ಲಿ ನೀವು ಹಗ್ ಮಾಡಿದಾಗ ಬರಲೇ ಇಲ್ಲ. ಬಟ್ಟೆ ಸೋಪಿನ ವಾಸನೆ ಬಂತು. ಐ ವಾಸ್ ಕನ್‌ಫ್ಯೂಸ್ಡ್."

ಇದಿನಬ್ಬನೂ ಪೆಟ್ಟಿಗೆಯೊಳಗೆ ತಲೆ ಹಾಕಿದ, ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಹಾಗೇ ಇದ್ದ. ತಲೆ ಹೊರಗೆ ತೆಗೆದಾಗ ಕಣ್ಣು ಕೆಂಪಾಗಿತ್ತು. ಎಣ್ಣೆಯ ಘಾಟು ಎಂದ. ಯಾರೂ ಅದನ್ನು ಅಲ್ಲಗಳೆಯಲಿಲ್ಲ.

ಆಮೇಲೆ ಹಬ್ಬ. ಪಿಸ್ತಾ, ಬಾದಾಮಿ, ಖರ್ಜೂರ, ಬಿಸ್ಕತ್ತು, ಚಿನ್ನದ ಕಾಗದದ ಚಾಕೊಲೇಟು. ವಿಕ್ಟರ್ ಟ್ಯೂನಾ ಮೀನಿನ ಡಬ್ಬ ತೆರೆದು ಬೆರಳಿನಿಂದಲೇ ತಿಂದ, ಬಿರಿಯಾನಿ ಎಂಬ ಶಬ್ದವನ್ನು ಮರೆಯಲು ಪ್ರಯತ್ನಿಸುತ್ತಾ. ಗಾಳಿ ಬಲವಾದಾಗ ಮಕ್ಕಳು ಹುಲಿಯ ಕಂಬಳಿಯನ್ನೂ ಎಳೆದು ಹೊದ್ದುಕೊಂಡರು. ಜುಲೈ ತಿಂಗಳಲ್ಲಿ ಇಬ್ಬರೂ ಬೆವರುತ್ತಿದ್ದರು, ಬಿಡಲು ಮಾತ್ರ ತಯಾರಿರಲಿಲ್ಲ. ಹದಿನೆಂಟು ವರ್ಷ ಕಳಿಸಿದ ಆ ಚಾಕೊಲೇಟನ್ನು ಇದಿನಬ್ಬ ಮೊದಲ ಸಲ ಬಾಯಿಗೆ ಹಾಕಿದ. "ಒಳಗೆ ಬೀಜ ಉಂಟಲ್ಲ ಇದರಲ್ಲಿ," ಎಂದು ಬೆರಗಾದ.

ಇನ್ನು ಅಕ್ಕ. ಅವನೇ ಫೋನು ಹಚ್ಚಿದ, ಎಲ್ಲರೆದುರಿಗೇ. "ಅಕ್ಕಾ, ನಿನ್ನ ಪೆಟ್ಟಿಗೆ ಬರುವುದಿಲ್ಲ. ನಾವು ತಿಂದೆವು. ಒಕ್ಕಲಿಗೆ ಬೇರೆ ಏನಾದರೂ ನೋಡುವ."

ಹಲೀಮ ಖರ್ಜೂರವನ್ನು ಬಾಯಿಗೆ ಹಾಕದೆ ಕೈಯಲ್ಲಿ ಹಿಡಿದೇ ಇದ್ದಳು.

"ಕಂಬಳಿಯೂ ತಿಂದಿರಾ?" ಎಂದಳು ಜುಬೈದ.

"ಇಲ್ಲ, ಹೊದ್ದಿದ್ದಾರೆ."

"ದೇವರು ದೊಡ್ಡವನು. ಕಂಬಳಿ ಇಡ್ಲಿಕ್ಕೆ ನನ್ನ ಕಪಾಟಿನಲ್ಲಿ ಜಾಗ ಇಲ್ಲ ಮಾರಾಯ. ಮಕ್ಕಳು ಹೊಟ್ಟೆ ತುಂಬ ತಿಂದರಾ? ಹಲೀಮ ತಿಂದಳಾ?"

"ತಿಂತಾ ಇದ್ದಾಳೆ," ಎಂದ ಇದಿನಬ್ಬ. ಹಲೀಮ ಖರ್ಜೂರ ಬಾಯಿಗೆ ಹಾಕಿಕೊಂಡಳು.

ಕೆಳಗಿಳಿಯಲು ಎಲ್ಲರೂ ಕಾರು ಹತ್ತಿದಾಗ ಮುಹಿಯುದ್ದೀನನ ಫೋನು ಬಂತು. "ಇದಿನಬ್ಬಾಕ, ಬೇಯಿಸಿದ್ದು ಕಾರ್ಗೊದಲ್ಲಿ ಹೋಗುವುದಿಲ್ಲ, ರೂಲ್ಸ್ ಉಂಟು. ತೂಕಕ್ಕೆ ಇಡುವಾಗ ಬಿಸಿ ತಾಗಿತು, ಕೊಯ್ದು ನೋಡಿದೆವು. ಹಾಳಾಗುವುದು ಬೇಡ ಅಂತ ಗೋಡೌನಿನವರೆಲ್ಲ ಕೂತು ಊಟ ಮಾಡಿದೆವು. ಪಾತ್ರೆ ತೊಳೆದಿಟ್ಟಿದ್ದೇವೆ. ಮನೆಯಲ್ಲಿ ಹೇಳಿ, ಊರು ಬಿಟ್ಟ ಮೇಲೆ ಇಂತಹದ್ದು ತಿಂದದ್ದಿಲ್ಲ."

ವಿಕ್ಟರ್ ಸ್ಟೀರಿಂಗಿನ ಮೇಲೆ ಹಣೆ ಇಟ್ಟ.

ಹಲೀಮಳಿಗೆ ನಗು ತಡೆಯಲಾಗಲಿಲ್ಲ. "ಎಲ್ಲರಿಗೂ ಸಾಕಾಯಿತಂತಾ?" ಎಂದು ಗಂಡನ ಮೂಲಕ ಕೇಳಿಸಿದಳು. ಕೊನೆಗೆ ಬಂದ ಇಬ್ಬರಿಗೆ ಬರೀ ಅನ್ನ ಸಿಕ್ಕಿತಂತೆ.

"ಅದು ಸಣ್ಣ ಪಾತ್ರೆ," ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತಾ. "ಇಲ್ಲಿಯ ಪಾತ್ರೆ ಯಾವುದಕ್ಕೂ ಸಾಲುವುದಿಲ್ಲ. ರಜೆ ಮುಗಿಸಿ ಬರುವಾಗ ಊರಿಂದ ನನ್ನ ತಾಮ್ರದ್ದು ತರ್ತೇನೆ."

ಮಾತಾಡಿದರೆ ಅವಳು ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಹೆದರಿಕೆ ಇದಿನಬ್ಬನಿಗೆ. ನಾಲ್ಕು ತಿರುವು ಇಳಿದ ಮೇಲೆ, ಏನೂ ಆಗದವನ ಹಾಗೆ, "ಅದು ಭಾರ ಆಗ್ತದಲ್ಲ," ಎಂದ.

"ಆಗಲಿ," ಎಂದಳು ಹಲೀಮ.

ಅವನು ತಿರುಗಿ ಮುಂದಕ್ಕೆ ನೋಡುತ್ತಾ ಕುಳಿತ. ಇಷ್ಟು ವರ್ಷ ಎಲ್ಲ ಭಾರವೂ ಇಲ್ಲಿಂದ ಅಲ್ಲಿಗೆ ಹೋಗಿತ್ತು. ಅಲ್ಲಿಂದ ಇಲ್ಲಿಗೆ, ಅವನ ಮನೆಗೆ, ಒಂದು ಭಾರ ಬರುವುದು ಇದೇ ಮೊದಲು.