ಸಕ್ಕರೆ ಮೈಯ ಏಳು ಕೋಟಿ

ನಾನು ಒಂದು ಸಂಖ್ಯೆ, 73939133. ಬಾಯಿ ತುಂಬ ಹೇಳುವುದಾದರೆ ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು. ಹುಟ್ಟಿದ ದಿನ ಕೇಳಬೇಡಿ. ಎಣಿಸುವವರು ಹುಟ್ಟುವ ಮೊದಲೇ ನಾನಿದ್ದೆ. ಒಂದು ಮತ್ತು ನಾನೇ ಹೊರತು ಬೇರೆ ಯಾರೂ ನನ್ನನ್ನು ಶೇಷವಿಲ್ಲದೆ ಭಾಗಿಸಲಾರರು. ನಮ್ಮಂಥವರನ್ನು ಅವಿಭಾಜ್ಯ ಎನ್ನುತ್ತಾರೆ. ಅಂಥವರು ಲೆಕ್ಕವಿಲ್ಲದಷ್ಟಿದ್ದಾರೆ, ನಿಜ. ಆದರೆ ನನ್ನ ಬಲತುದಿಯ ಅಂಕಿಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, ಪ್ರತಿ ಸಲ ಉಳಿದದ್ದೂ ಅವಿಭಾಜ್ಯವೇ. ಈ ಗುಣವಿರುವವರಲ್ಲಿ ನಾನೇ ಎಲ್ಲರಿಗಿಂತ ದೊಡ್ಡವನು. ಬಲಕ್ಕೆ ಇನ್ನು ಯಾವ ಅಂಕಿ ಅಂಟಿಸಿದರೂ ಕೆಟ್ಟೆ. ವಂಶ ನನ್ನಲ್ಲೇ ಮುಗಿಯಿತು. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಬಹುಕಾಲ ಹಾಳೆಯ ಮೇಲೇ ಬದುಕಿದೆ. ಮೈ ಬಂದದ್ದು ಗದಗದ ಕಡೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದ ಶಿವಲೀಲಾಗೆ ಮದುವೆ ಗೊತ್ತಾಗಿತ್ತು. ವರ ವಿರೂಪಾಕ್ಷ ಬೆಟಗೇರಿಯವನು; ಮರದ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಎರೆಯುವುದು ಅವರ ಮನೆತನದ ಕಸುಬು. ಗೌರಿ ಹುಣ್ಣಿಮೆಗೆ ಗಂಡಿನ ಮನೆಯ ಹೆಂಗಸರು ಹುಡುಗಿಗೆ ಸೀರೆ, ಆರತಿಯ ಸಕ್ಕರೆ ಗೊಂಬೆ ಒಯ್ಯುವುದು ಆ ಕಡೆಯ ಪದ್ಧತಿ. ‘ನಿಮಗ ಯಾವ ಗೊಂಬಿ ಇಷ್ಟರಿ?’ ಎಂದು ಅವನು ಫೋನಿನಲ್ಲಿ ಕೇಳಿದ. ಆನೆ, ಗಿಳಿ ಎನ್ನುವುದು ಬಿಟ್ಟು ಆಕೆ ನನ್ನನ್ನು ಹೇಳಿದಳು. ಪಾಪ, ಕಾರಣವನ್ನೂ ಕೇಳದೆ ಬರೆದುಕೊಂಡ.

ಅಚ್ಚನ್ನು ತಾನೇ ಕೆತ್ತಿದ. ಬಿಡಿಬಿಡಿಯಾಗಿ ಎರೆದಿದ್ದರೆ ಚಿಂತೆಯಿರಲಿಲ್ಲ. ಹುಮ್ಮಸ್ಸಿನಲ್ಲಿ ಎಲ್ಲ ಅಂಕಿಗಳನ್ನೂ ಒಂದೇ ಉದ್ದ ಪಟ್ಟಿಯಾಗಿ ಎರೆದುಬಿಟ್ಟ. ಹುಣ್ಣಿಮೆಯ ದಿನ ಹೆಣ್ಣಿನ ಮನೆಗೆ ಹೊರಟ ಟಂಟಂ ಆಟೋ ರಸ್ತೆಯ ಹಂಪ್ ಹಾರಿದ್ದೇ ತಡ, ನನ್ನ ಬಲತುದಿಯ ಮೂರರ ಅಂಕಿ ಲಟಕ್ಕೆಂದು ಕಳಚಿತು.

ಹೆಣ್ಣಿನ ಮನೆಯಲ್ಲಿ ತಟ್ಟೆಯ ಬಟ್ಟೆ ಸರಿಸಿದ ವರನ ತಾಯಿ ನೀಲವ್ವನ ಮುಖ ಬಾಡಿತು.

‘ಆರತಿ ಸಕ್ಕರಿ ಮುರದೈತಿ. ಇದು ಚಲೋ ಅಲ್ಲ. ಲಗ್ನ ಮುಂದಕ್ಕ ಹಾಕೂನು. ಬರೂ ವರ್ಷ ಮತ್ತ ಹುಣ್ಣಿಮಿ ಬರತೈತಲ್ಲ.’

ಶಿವಲೀಲಾ ತಟ್ಟೆಯ ಹತ್ತಿರ ಬಂದಳು. ಕಾರಣ ಕೇಳದೆ ಅಚ್ಚು ಕೆತ್ತುವ ಹುಡುಗನನ್ನು ಕಳೆದುಕೊಳ್ಳಲು ಆಕೆಗೆ ಇಷ್ಟವಿರಲಿಲ್ಲ.

‘ಅತ್ತಿ, ಇದು ಮುರದರೂ ಕೆಡೂದಿಲ್ರಿ. ಅದಕ್ಕ ಇದನ್ನ ಕೇಳಿದ್ದೆ. ಉಳಿದಿದ್ದನ್ನೂ ಯಾರಿಗೂ ಭಾಗಸಾಕ ಆಗೂದಿಲ್ಲ. ಬೇಕಾದ್ರ ಬಲಕ್ಕಿಂದ ಇನ್ನೊಂದು ಮುರೀರಿ.’

ನೀಲವ್ವ ನಂಬಲಿಲ್ಲ. ಆದರೂ ಇನ್ನೊಂದು ಮೂರನ್ನು ಮುರಿದು ಪಕ್ಕದವಳ ಅಂಗೈಗೆ ಹಾಕಿದಳು.

‘ಈಗ?’

‘ಈಗೂ ಹಂಗ ಐತ್ರಿ.’

ಒಂದು ಹೋಯಿತು, ಒಂಬತ್ತು ಹೋಯಿತು. ‘ಈಗರ?’ ಎನ್ನುತ್ತ ಎನ್ನುತ್ತ ನೀಲವ್ವನಿಗೇ ಆಟ ಹತ್ತಿತು. ನೆರೆದ ಹೆಂಗಸರ ಬಾಯೆಲ್ಲ ಸಿಹಿಯಾಯಿತು. ನೀಲವ್ವನಿಗೆ ಲೆಕ್ಕ ತಿಳಿಯಲಿಲ್ಲ; ಹುಡುಗಿಯ ಹಟ ತಿಳಿಯಿತು. ಕೊನೆಗೆ ತಟ್ಟೆಯಲ್ಲಿ ಏಳೊಂದೇ ಉಳಿಯಿತು. ಅದನ್ನು ಎತ್ತಿ ಹಿಡಿದು ಆಕೆ ಸೊಸೆಯಾಗುವವಳ ಹತ್ತಿರ ಸರಿದಳು.

‘ಬಾಯಿ ತಗಿ. ಲಗ್ನದ ಕೆಲಸ ಭಾಳ ಅದಾವು.’

ಸಕ್ಕರೆಯ ಮೈ ಅಲ್ಲಿಗೆ ಕರಗಿತು. ಈಗ ಮತ್ತೆ ಹಾಳೆಯ ಮೂಲೆಯಲ್ಲಿದ್ದೇನೆ, ಹಾಯಾಗಿದ್ದೇನೆ. ಯಾರಿಗೂ ಭಾಗವಾಗದಿರುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅಂದು ಒಂದು ಪಡಸಾಲೆಯ ಹೆಂಗಸರೆಲ್ಲ ನನ್ನನ್ನು ಹಂಚಿಕೊಂಡು ತಿಂದರು. ಅಷ್ಟು ಸುಖ ನಾನು ಹಿಂದೆಂದೂ ಪಟ್ಟಿರಲಿಲ್ಲ.